ಮಂಚದಡಿಯ ಸ್ಟ್ಯಾಂಡು

16 ನವೆಂಬರ್, ಭಾನುವಾರ

ನನ್ನನ್ನು ನೋಡಲು ಕೈಲಾಂಚದಿಂದ ಗಂಡಿನವರು ಬರುತ್ತಾರೆಂದು ಅವ್ವ ನನ್ನ ಓದುವ ಸ್ಟ್ಯಾಂಡನ್ನು ಮಂಚದಡಿ ತಳ್ಳಿದ್ದಳು. "ಕಣ್ ಮಂಜು ಅಂತ ಆಮೇಕೆ ಹೇಳುವಾ. ಈಗ ತಲೆ ತಗ್ಸಿ ಕೂತ್ಕೊ."

ಕೂತೆ. ಹುಡುಗನ ತಾಯಿ, "ಪೇಪರ್ ಗೀಪರ್ ಓದೀಯೇನವ್ವಾ?" ಅಂದರು. ತಡೆಯಲಾಗಲಿಲ್ಲ. ಸ್ಟ್ಯಾಂಡನ್ನು ಎಳೆದು ತಂದು ಅವರ ಕಾಫಿ ಲೋಟಗಳ ನಡುವೆಯೇ ಇಟ್ಟು, ಪೇಪರನ್ನು ಮೂಗಿನ ಹತ್ತಿರಕ್ಕೆ ಏರಿಸಿ, ರೇಷ್ಮೆಗೂಡಿನ ರೇಟಿನಿಂದ ನಿಧನವಾರ್ತೆಯವರೆಗೂ ಜೋರಾಗಿ ಓದಿದೆ.

"ಫೋನ್ ಮಾಡ್ತೀವಿ" ಎಂದು ಎದ್ದು ಹೋದರು. ಮಾಡದಿದ್ದರೆ ಬೇಡ. ಅವ್ವ ಲೋಟಗಳನ್ನು ಕುಕ್ಕಿ ಕುಕ್ಕಿ ತೊಳೆಯುತ್ತಿದ್ದಾಳೆ.

ಬಗ್ಗಿ ಬಗ್ಗಿ ಓದಿ ಕತ್ತು ಹಿಡಿದುಕೊಳ್ಳುತ್ತಿತ್ತು ಅಂತಲೇ ಅಲ್ಲವೇ ಸ್ಟ್ಯಾಂಡನ್ನು ತಂದದ್ದು? ತಲೆ ಎತ್ತಿ ಓದಲು ಕಲಿತವಳಿಗೆ ತಗ್ಗಿಸಿ ಕೂರು ಅಂದರೆ...

ಸ್ಟ್ಯಾಂಡು ನಡುಮನೆಯಲ್ಲೇ ಇದೆ. ಮುಂದಿನವರು ಮೊದಲು ಅದನ್ನೇ ನೋಡಲಿ.