ಕುಂಚಿಗೆಯ ಎರಡನೆಯ ಗೆರೆ

ನನ್ನ ಅಕ್ಕನಿಗೆ,

ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದು ಮುನಿಸಿಕೊಳ್ಳಬೇಡ. ಅಪ್ಪ ನಮ್ಮಿಬ್ಬರ ಬೆರಳು ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸಿದಾಗ ನಿನ್ನವು ದುಂಡಗೆ ಬಂದವು, ನನ್ನವು ಇರುವೆ ಸಾಲಿನಂತೆ ಬಂದವು. ನೀನೇ ಹಾಗೆ ಹಂಗಿಸುತ್ತಿದ್ದೆ. ಈಗ ಹಂಗಿಸುವವರೂ ಇಲ್ಲ. ಗಜೇಂದ್ರಗಡದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಕೂಸು ಮಲಗಿದೆ.

ನಾವು ನಿನ್ನ ಗಂಡನ ಊರು ಸವಡಿಗೆ ಬಂದ ಆ ಮಧ್ಯಾಹ್ನ ಮರೆಯುವುದಿಲ್ಲ. ಚೊಚ್ಚಲ ಹೆರಿಗೆಗೆ ನಿನ್ನನ್ನು ತವರಿಗೆ ಕರೆತರಬೇಕಿತ್ತು. ನಮ್ಮವ್ವ ಬಾಣಂತಿ ಕೋಣೆ ಸಾರಿಸಿ, ಬಾಣಂತಿಯ ಉಂಡೆಗೆಂದು ಅಂಟು, ಅಳವಿ ಬೀಜ, ಬೆಲ್ಲ ಎಲ್ಲ ತಂದಿಟ್ಟಿದ್ದಳು. ಅಷ್ಟರಲ್ಲಿ ನರಗುಂದದ ದೊರೆ ಕುಂಪಣಿ ಸರಕಾರದ ಮೇಲೆ ತಿರುಗಿಬಿದ್ದು ಗದ್ದಲ ಎದ್ದಿತು. ದಾರಿಯಲ್ಲಿ ದಂಡು ಓಡಾಡುತ್ತಿದೆ ಎಂದು ಅಪ್ಪ ಗಾಡಿ ಹೂಡಲಿಲ್ಲ. "ನಾಕ ದಿನ ತಡೀರಿ, ದಾರಿ ಸುಮ್ಮನಾಗಲಿ" ಅಂದ. ದಾರಿ ಸುಮ್ಮನಾಗುವಷ್ಟರಲ್ಲಿ ನೀನು… ನಾವು ಬಂದಾಗ ನಿನ್ನನ್ನು ಮಣ್ಣಿಗೆ ಒಯ್ದಾಗಿತ್ತು, ಕೂಸು ಮಾತ್ರ ಉಳಿದಿತ್ತು. ಅಪ್ಪ ಇವತ್ತಿಗೂ ಸವಡಿ ಕಡೆಗೆ ಗಾಡಿ ಹೂಡುವುದಿಲ್ಲ. ಅವನ ಮೇಲೆ ನಾನು ಸಿಟ್ಟಾಗಬೇಕೋ ಬೇಡವೋ, ನೀನೇ ಹೇಳು.

ನಿನ್ನ ಅತ್ತೆ ಗೂಡಿನೊಳಗಿಂದ ಕುಂಚಿಗೆ ತೆಗೆದು ನನ್ನ ಮುಂದೆ ಹಿಡಿದರು. ನಿನ್ನ ಕಪ್ಪು ಸೀರೆಯ ತುಂಡಿನಲ್ಲಿ, ಕೂಸಿನ ತಲೆಯೂ ಬೆನ್ನೂ ಮುಚ್ಚುವ ಹಾಗೆ ಹೊಲಿದಿದ್ದೆ. ಬೆನ್ನ ಮೇಲೆ ಕಸೂತಿಯಲ್ಲಿ ಓರೆಯಾಗಿ ನಿಂತ ಒಂದು ಚೌಕ ಶುರು ಮಾಡಿದ್ದೆ. ಒಂದೇ ಮಗ್ಗಲು ಮುಗಿದಿತ್ತು, ಸೂಜಿ ಅಲ್ಲೇ ಇತ್ತು. "ಸತ್ತಾಕಿ ಅರ್ಧಕ್ಕ ಬಿಟ್ಟದ್ದನ್ನ ಕೂಸಿಗೆ ಹಾಕಬಾರದವ್ವಾ. ತೊಟ್ಟಿಲಕ್ಕ ಹಾಕೋದರಾಗ ಮುಗಸು, ಇಲ್ಲಾ ಎಲ್ಲಾ ಬಿಚ್ಚಿಬಿಡು. ನಾನರ ಏನ ಮಾಡ್ಲಿ?" ಅಂದರು. ಅಳುತ್ತಲೇ ಅಂದರು, ಅವರ ಮೇಲೆ ಬೇಸರ ಬೇಡ. ಆದರೆ ಕೂಸಿಗೆ ನಿನ್ನ ಕೈಯದು ಅಂತ ಉಳಿದದ್ದು ಆ ಒಂದು ಗೆರೆ ಮಾತ್ರ. ಅದನ್ನೂ ಬಿಚ್ಚಿದರೆ?

ಗೋಪುರ, ಕಮಲ, ನವಿಲು ಎಲ್ಲ ನೀನು ಕಲಿಸಿದ್ದೆ. ಓರೆ ಚೌಕ ಮಾತ್ರ "ಮುಂದಿನ ಸಲ ಬಂದಾಗ" ಎಂದು ಹೇಳಿ ಹೋಗಿದ್ದೆ. ನಿನ್ನ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಏರಿತ್ತು: ಎರಡು ಹೊಲಿಗೆ ಬಲಕ್ಕೆ, ಒಂದು ಮೇಲಕ್ಕೆ, ಮತ್ತೆ ಎರಡು ಬಲಕ್ಕೆ, ಒಂದು ಮೇಲಕ್ಕೆ. ಮೂಲೆಯಲ್ಲಿ ಅದಕ್ಕೆ ನೆಟ್ಟಗೆ ಅಡ್ಡ ನಿಲ್ಲುವ ಗೆರೆ ಯಾವುದು? ನನ್ನ ಜಾಣತನಕ್ಕೆ ಹೊಳೆದದ್ದು ಎರಡು ಎಡಕ್ಕೆ, ಒಂದು ಮೇಲಕ್ಕೆ. ಹಾಕಿ ತೋರಿಸಿದೆ. "ಇದು ಚೌಕ ಏನ? ಕಾಗಿ ಬಾಯಿ ತಗದಂಗ ಐತಿ" ಅಂದರು ನಿನ್ನ ಅತ್ತೆ. ಬಿಚ್ಚಿ, ಒಂದು ಎಡಕ್ಕೆ ಒಂದು ಮೇಲಕ್ಕೆ ಹಾಕಿದೆ. ಕಾಗೆ ಬಾಯಿ ಇನ್ನಷ್ಟು ಅಗಲವಾಯಿತು, ಮೂಲೆ ಕೂಡಲಿಲ್ಲ, ಅದನ್ನೂ ಬಿಚ್ಚಿದೆ. ಎಳೆ ಎಣಿಸಿ ಹಾಕುವ ಕೆಲಸದಲ್ಲಿ ಅಂದಾಜು ಎಲ್ಲಿ ನಡೆಯುತ್ತದೆ? ಬಟ್ಟೆಯೋ ಹಳೆಯದು. ಇನ್ನೊಂದು ಸಲ ಬಿಚ್ಚಿದರೆ ಎಳೆಗಳು ಕಿತ್ತು ಬರುವ ಹಾಗಿದ್ದವು. ಕುಂಚಿಗೆ ಮಡಚಿಟ್ಟು ನಿನಗೇ ಬೈದೆ. ಹೇಳಿಕೊಟ್ಟು ಹೋಗಲು ಏನಾಗಿತ್ತು ನಿನಗೆ?

ನಮ್ಮ ಮನೆಯ ಬೆಳಕಿಂಡಿಯ ಕೆಳಗೆ ನೀನು ಕಸೂತಿ ಹಾಕುತ್ತ ಕೂರುತ್ತಿದ್ದದ್ದು ಆಗ ನೆನಪಾಯಿತು. ಮೂಲೆ ಬಂದಾಗಲೆಲ್ಲ ತೊಡೆಯ ಮೇಲಿನ ಬಟ್ಟೆಯನ್ನು ಗಕ್ಕನೆ ಎಡಕ್ಕೆ ಕಾಲು ಸುತ್ತು ತಿರುಗಿಸುತ್ತಿದ್ದೆ. "ಯಾಕ ತಿರಗಸ್ತಿ?" ಎಂದು ಕೇಳಿದರೆ, "ಖೋಡಿ, ಬಾಯಿ ಮುಚ್ಚಿ ನೋಡು. ಅಡ್ಡ ನಡದದ್ದು ಈಗ ನಿಂತೈತಿ. ಏರಿದ್ದು ಈಗ ಹಿಂದ ಹೊಂಟೈತಿ" ಅಂದಿದ್ದೆ. ನಾನು ಬಾಯಿ ಮುಚ್ಚಿದ್ದು ಯಾವಾಗ? ಕುಂಚಿಗೆಯನ್ನು ತೊಡೆಯ ಮೇಲೆ ಹಾಗೇ ತಿರುಗಿಸಿದೆ. ಬಲಕ್ಕೆ ಎರಡು ಹೋದದ್ದು ಮೇಲಕ್ಕೆ ಎರಡಾಯಿತು, ಮೇಲಕ್ಕೆ ಒಂದು ಹೋದದ್ದು ಎಡಕ್ಕೆ ಒಂದಾಯಿತು. ಇಷ್ಟೇ! ಎಣಿಕೆ ಎರಡೂ ಜಾಗ ಬದಲಿಸುತ್ತವೆ, ಒಂದು ಹಿಮ್ಮುಖವಾಗುತ್ತದೆ. ಮೂರು ನಡೆದು ಒಂದು ಏರುವ ಗೆರೆಗೆ ಅಡ್ಡ ಬೇಕಾದರೆ ಮೂರು ಏರಿ ಒಂದು ಹಿಂದೆ ಬರಬೇಕು. ಆದರೆ ಒಂದೇ ಎಣಿಕೆಯ ಗೆರೆಗಳನ್ನು ಬಟ್ಟೆ ತುಂಬ ಒಂದರ ಪಕ್ಕ ಒಂದು ಹಾಕಬಹುದಲ್ಲ, ಅದರಲ್ಲಿ ನನ್ನದು ಯಾವುದು? ಅದನ್ನು ಹೇಳುವುದು ಗೆರೆ ಹಾಯಬೇಕಾದ ತೂತು. ನಿನ್ನ ಸೂಜಿ ನಿಂತಿದ್ದ ತೂತು. ಅಲ್ಲಿಂದಲೇ ಶುರು ಮಾಡಿದೆ. ಅಲ್ಲಿ ಸೂಜಿ ಚುಚ್ಚುವಾಗ ತಡೆಯಲಾಗದೆ ಅತ್ತುಬಿಟ್ಟೆ, ಅಕ್ಕ. ಉಳಿದ ಎರಡು ಮಗ್ಗಲನ್ನೂ ಹಾಗೇ ತಿರುಗಿಸಿ ಮುಗಿಸಿದೆ.

ತೊಟ್ಟಿಲಿನ ದಿನ ನಿನ್ನ ಅತ್ತೆ ಕುಂಚಿಗೆಯ ಮೇಲೆ ಮಣೆಯ ಮೂಲೆ ಇಟ್ಟು ನೋಡಿದರು. ಕಸೂತಿಯಲ್ಲಿ ಗಂಟು ಇರಬಾರದಲ್ಲ, ತಿರುವಿ ಹಾಕಿ ಹಿಂದೆ ಗಂಟು ಹುಡುಕಿದರು. "ಕೂಡೇತಿ. ಹಾಕ್ರಿ ಕೂಸಿಗೆ" ಅಂದರು. ನಿನಗೆ ಹುಟ್ಟಿದ್ದು ಹೆಣ್ಣು. ಅದನ್ನು ಕೇಳುವಷ್ಟು ಹೊತ್ತೂ ನೀನಿರಲಿಲ್ಲ ಎಂದು ಸೂಲಗಿತ್ತಿ ಹೇಳಿದಳು. ಎಲ್ಲರೂ ನಿನ್ನ ಹೆಸರು ಇಡೋಣ ಎಂದರು, ನಾನೇ ಬೇಡವೆಂದೆ. ದಿನವೆಲ್ಲ ನಿನ್ನ ಹೆಸರು ಕೂಗುತ್ತಾ ನಾನು ಬದುಕುವುದು ಹೇಗೆ? ಗೌರವ್ವ ಎಂದು ಕರೆದಿದ್ದೇವೆ. ಸಾಕಲು ನಮ್ಮ ಮನೆಗೇ ತಂದುಕೊಂಡಿದ್ದೇವೆ.

ನಿನ್ನೆ ಸಂಜೆ ನಾನು ಜೋಳ ಹಸನು ಮಾಡುತ್ತಿದ್ದೆ. ಗೌರವ್ವ ಅಂಬೆಗಾಲಿಡುತ್ತ ಬಂದು, ನನ್ನ ಹೆಗಲು ಹಿಡಿದು ಎದ್ದು ನಿಂತಳು. ಮುಖ ನೋಡಿ "ಅವ್ವಾ" ಅಂದಳು. ಯಾರೂ ಕಲಿಸಿರಲಿಲ್ಲ. ನಾನಲ್ಲ, ನಿನ್ನ ಅವ್ವ ಬೇರೆ, ಎಂದು ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಅವಳು ಮತ್ತೆ ಅಂದಳು. ಒಲೆಯ ಮುಂದೆ ಕೂತಿದ್ದ ನಮ್ಮವ್ವ ಈ ಕಡೆ ತಿರುಗಲಿಲ್ಲ, ಸೆರಗಿನಿಂದ ಮುಖ ಒರೆಸಿಕೊಂಡಳು. "ಕೂಸು ಕರ್ಯಾಕ ಹತ್ತೈತಿ, ಓ ಅನ್ನು" ಅಂದಳು.

ಅಕ್ಕಾ, ನಾನು "ಓ" ಅಂದೆ.