ಹಿಮ್ಮುಖವಾಗಿ ಹತ್ತಿದ ಘಾಟು

ನಾನಾ ಪೇಟೆ, ಪುಣೆ
ಸೋಮವಾರ, ತಾ. ೧೧ ಸೆಪ್ಟೆಂಬರ್ ೧೯೪೪

ಚಿರಂಜೀವಿ ಮುರುಗೆಪ್ಪನಿಗೆ ನಿನ್ನ ತಂದೆ ಈರಬಸಪ್ಪನ ಆಶೀರ್ವಾದಗಳು.

ಮೊದಲು ನಿನ್ನ ಮೈ ಹೇಗಿದೆ ಬರಿ. ಆ ಕಡೆ ಗುಂಡು ತಗುಲಿದವರಿಗಿಂತ ಚಳಿಜ್ವರ ಹಿಡಿದವರೇ ಹೆಚ್ಚೆಂದು ಕ್ಯಾಂಪಿನ ಸಿಪಾಯಿಗಳು ಹೇಳುತ್ತಾರೆ. ಪಲ್ಟಣದಲ್ಲಿ ಕೊಡುವ ಗುಳಿಗೆ ಕಹಿಯೆಂದು ಉಗುಳಬೇಡ. ನೀನು ಎಲ್ಲಿರುವೆಯೆಂದು ಬರೆಯುವ ಹಾಗಿಲ್ಲ, ನಾನು ಕೇಳುವುದೂ ಇಲ್ಲ. ಕೆಂಪು ಕೆಸರಿನ ಗುಡ್ಡಗಳೆಂದು ಬರೆದಿದ್ದೆ, ಅಷ್ಟು ಸಾಕು. ನಿನ್ನ ತಾಯಿ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ. ಈಗ ನನ್ನೆದುರಿಗೇ ಗೋಡೆಗೆ ಒರಗಿ ಕುಳಿತು ರೇಶನ್ ಅಕ್ಕಿಯ ಹರಳು ಆರಿಸುತ್ತಿದ್ದಾಳೆ. ಬರೆದದ್ದನ್ನೆಲ್ಲ ಓದಿ ತೋರಿಸಬೇಕೆಂದು ಕರಾರು ಹಾಕಿದ್ದಾಳೆ. ಆದ್ದರಿಂದ ಅವಳ ಮೇಲೆ ಚಾಡಿ ಹೇಳಲು ಸ್ವಲ್ಪ ಅಂಜಿಕೆ.

ತಾಯಿಗೆ ಹುಷಾರಿರಲಿಲ್ಲ, ಈಗ ಪರವಾಗಿಲ್ಲ ಎಂದಷ್ಟೇ ಕಾರ್ಡು ಹಾಕಿದ್ದೆ. ಇವತ್ತು ಪೂರಾ ಬರೆಯುತ್ತೇನೆ. ಇದರಲ್ಲಿ ಮೋಟಾರಿನ ಮಾತೂ ಬಹಳ ಬರುತ್ತದೆ, ನಿನಗೆ ಬೇಸರವಾಗಲಿಕ್ಕಿಲ್ಲ. ನಮ್ಮ ಡಾಕ್ಟರ್ ಪಂಕಜಾಕ್ಷಿಬಾಯಿಯವರು ಹಳೆಯ ಗಾಡಿ ಕೊಟ್ಟು, ಮುಂಬೈಯಿಂದ ತನ್ನ ದೇಶಕ್ಕೆ ಹೊರಟ ಒಬ್ಬ ಫ್ರೆಂಚ್ ಸಾಹೇಬನ ಕಾರು ಕೊಂಡದ್ದು ನಿನಗೆ ಗೊತ್ತಿದೆ. ಅದರ ಎಂಜಿನ್ನು ತಿರುಗಿಸುವುದು ಮುಂದಿನ ಗಾಲಿಗಳನ್ನು. ನಾನು ಈ ಪುಣೆಯಲ್ಲಿ ಸ್ಟಿಯರಿಂಗ್ ಹಿಡಿದಾಗಿನಿಂದ ಹಿಂದಿನ ಗಾಲಿ ನೂಕುವ ಗಾಡಿಗಳನ್ನೇ ಓಡಿಸಿದವನು. ಮಳೆಯ ತಿರುವಿನಲ್ಲಿ ಸ್ವಲ್ಪ ಹೆಚ್ಚು ತುಳಿದರೆ ಹಿಂಭಾಗ ಹೊರಗೆ ಜಾರುತ್ತದೆ, ಆಗ ಕಾಲು ಸಡಿಲಿಸಿ ಜಾರಿದ ಕಡೆಗೇ ಸ್ಟಿಯರಿಂಗ್ ತಿರುಗಿಸಬೇಕು. ಇದು ನನ್ನ ಕೈಕಾಲಿಗೆ ಅಂಟಿದ ವಿದ್ಯೆ. ಈ ಗಾಡಿಯ ನಡತೆಯೇ ಬೇರೆ. ಎತ್ತು ನೊಗ ಎಳೆದಂತೆ ಮೂತಿ ಮುಂದೆ ಎಳೆಯುತ್ತದೆ, ಬಾಲ ತಣ್ಣಗೆ ಹಿಂದೆ ಬರುತ್ತದೆ. ಆದರೆ ಜಾರುವ ಜಾಗದಲ್ಲಿ ಅವಸರದಿಂದ ತುಳಿದರೆ, ನೀನು ಸ್ಟಿಯರಿಂಗ್ ಎಷ್ಟೇ ತಿರುಗಿಸು, ಅದು ನೆಟ್ಟಗೇ ಹೋಗುತ್ತದೆ. ಗಾಬರಿಯಾಗಿ ಒಮ್ಮೆಲೇ ಕಾಲು ತೆಗೆದರೆ ಬಾಲ ಸಡಿಲುತ್ತದೆ. ಸಮನಾಗಿ ತುಳಿಯುತ್ತಾ ಹೋಗುವುದನ್ನು ಕಲಿಯಲು ನನಗೆ ಒಂದು ಮಳೆಗಾಲ ಬೇಕಾಯಿತು.

ಆಷಾಢದಲ್ಲಿ ನಿನ್ನ ತಾಯಿ ನಿನ್ನ ಅಕ್ಕ ಭೀಮವ್ವನ ಮನೆಗೆಂದು ಖೋಪೋಲಿಗೆ ಹೋಗಿದ್ದಳು. ಅಳಿಯ ಶಿವಪ್ಪ ಅಲ್ಲಿಯ ಕಾಗದದ ವಖಾರಿಯಲ್ಲಿ ಕಾರಕೂನನಾಗಿದ್ದಾನಲ್ಲ, ಮೊಮ್ಮಕ್ಕಳನ್ನು ನೋಡಬೇಕೆಂದು ಹಟ ಹಿಡಿದಿದ್ದಳು. ಮೊದಲಿಂದಲೂ ಆಗಾಗ ಹೊಟ್ಟೆ ನೋಯುತ್ತಿತ್ತು. ಓಮಿನ ನೀರು ಕುಡಿದು ನಮಗೆ ಹೇಳದೆ ನುಂಗುತ್ತಿದ್ದಳು. ಅಲ್ಲಿ ಅದು ಒಮ್ಮೆಲೇ ಹೆಚ್ಚಿತು. ಹೊಟ್ಟೆ ಉಬ್ಬಿ ಗುಟುಕು ನೀರೂ ನಿಲ್ಲದಂತಾಯಿತು. ಪುಣೆಯ ದೊಡ್ಡ ಆಸ್ಪತ್ರೆಗೆ ತಕ್ಷಣ ಒಯ್ಯಿರಿ, ಕೊಯ್ಯದೆ ಉಳಿಯುವುದಿಲ್ಲ ಎಂದು ಅಲ್ಲಿಯ ದವಾಖಾನೆಯವರು ಹೇಳಿದರಂತೆ. ಶಿವಪ್ಪನ ತಾರು ನನಗೆ ಬೆಳಿಗ್ಗೆ ಮುಟ್ಟಿತು. ಆ ವಾರ ಘಾಟಿನಲ್ಲಿ ಬಂಡೆ ಉರುಳಿ ರೈಲು ನಿಂತಿತ್ತು. ತಾರನ್ನು ಡಾಕ್ಟರ ಕೈಗೆ ಕೊಟ್ಟೆ. ಅವರು ಓದಿದರು, ಕೂತಿದ್ದ ರೋಗಿಗಳನ್ನು ಇನ್ನೊಬ್ಬರ ಕಡೆಗೆ ಕಳಿಸಿದರು, ಚೀಲ ತೆಗೆದುಕೊಂಡು ಬಂದು ಕಾರಿನಲ್ಲಿ ಕುಳಿತರು. "ನಡೀರಿ ಈರಬಸಪ್ಪ, ನಾನೂ ಬರ್ತೇನಿ" ಎಂದರು. ನಾನು ಬೇಡವೆನ್ನುವ ಸ್ಥಿತಿಯಲ್ಲಿರಲಿಲ್ಲ.

ಲೋಣಾವಳಾದವರೆಗೂ ಮಳೆ ಎದುರಿಗೇ ಹೊಡೆಯಿತು. ಘಾಟು ಇಳಿಯುವಾಗ ಗಾಡಿ ಬಂಗಾರದಂತೆ ನಡೆಯಿತು. ಖೋಪೋಲಿಯಲ್ಲಿ ನಾನೂ ಶಿವಪ್ಪನೂ ನಿನ್ನ ತಾಯಿಯನ್ನು ಎತ್ತಿ ತಂದು ಕಾರಿನಲ್ಲಿ ಕೂಡಿಸಿದೆವು. ಹಿಂದಿನ ಸೀಟಿನಲ್ಲಿ ಡಾಕ್ಟರಬಾಯಿಯವರು ಅವಳನ್ನು ತಮ್ಮ ಎದೆಗೆ ಒರಗಿಸಿಕೊಂಡರು. ಭೀಮವ್ವ ಮಕ್ಕಳೊಡನೆ ಬಾಗಿಲಲ್ಲಿ ನಿಂತಳು, ಶಿವಪ್ಪ ನನ್ನ ಪಕ್ಕ ಕುಳಿತ.

ಅರ್ಧ ಘಾಟು ಹತ್ತುವುದರೊಳಗೆ ಕಷ್ಟ ಶುರುವಾಯಿತು. ಕಡಿದಾದ ಒಂದು ಏರಿನಲ್ಲಿ ಗುಡ್ಡದ ಮಣ್ಣು ಇಳಿದು ರಸ್ತೆಯ ತುಂಬ ಲೋಳೆಯಂತೆ ಹರಡಿತ್ತು. ಗಾಡಿ ಅಲ್ಲಿಯವರೆಗೆ ಬಂದು ನಿಂತಿತು. ಮುಂದಿನ ಗಾಲಿಗಳು ಗಿರಗಿರ ತಿರುಗಿದವು, ಗಾಡಿ ಮಾತ್ರ ಮೇಲೆ ಹೋಗುವ ಬದಲು ನಿಧಾನವಾಗಿ ಕೆಳಗೇ ಸರಿಯತೊಡಗಿತು. ಬ್ರೇಕು ಬಿಗಿದು ಹಿಂದಿನ ಗಾಲಿಗೆ ಕಲ್ಲು ಕೊಟ್ಟೆವು. ಮುಂದಿನ ಗಾಲಿಗಳ ಕೆಳಗೆ ಗೋಣಿತಾಟು ಹಾಸಿದೆವು, ಅದನ್ನು ಅವು ಹಿಂದಕ್ಕೆ ಎಸೆದವು. ಭಾರವಾಗಲೆಂದು ಶಿವಪ್ಪ ಬಾನೆಟ್ಟಿನ ಮೇಲೆ ಹತ್ತಿ ಕುಳಿತ. ಬೇರೆ ದಿನವಾಗಿದ್ದರೆ ಆ ಕೋಟು, ಟೊಪ್ಪಿಗೆ ನೋಡಿ ನಕ್ಕುಬಿಡುತ್ತಿದ್ದೆ. "ಮಾವಾರ, ಗಾಲಿ ತಿರಗತಾವ, ಗಾಡಿ ಏರವಲ್ತು" ಎಂದ. ಡಾಕ್ಟರಬಾಯಿಯವರು ಕಿಟಕಿಯಿಂದ ನನ್ನನ್ನು ಕರೆದು ಸಣ್ಣ ದನಿಯಲ್ಲಿ ಹೇಳಿದರು: "ತಡಾ ಮಾಡ್ಲಿಕ್ಕೆ ಆಗೂದಿಲ್ಲ. ಹೊಟ್ಟಿ ಕಲ್ಲಿನಂಗ ಆಗ್ಯದ." ಹೊಸ ಬಂಡೆ ಬಿದ್ದೀತೆಂಬ ಅಂಜಿಕೆಯಲ್ಲಿ ಲಾರಿಗಳೆಲ್ಲ ಬುಡದಲ್ಲೇ ನಿಂತಿದ್ದವು. ಎಳೆದುಕೊಂಡು ಹೋಗಲು ಒಂದೂ ಬರಲಿಲ್ಲ.

ಇನ್ನು ಮುಂದಿನದನ್ನು ಬರೆಯಬೇಡಿರೆಂದು ನಿನ್ನ ತಾಯಿ ಈಗಲೇ ಕಣ್ಣು ಬಿಡುತ್ತಿದ್ದಾಳೆ. ಬರೆಯುತ್ತೇನೆ. ನೀನು ಹೇಳದೆ ಕೇಳದೆ ಲಷ್ಕರಕ್ಕೆ ಹೆಸರು ಕೊಟ್ಟು ಬಂದ ದಿನ "ಇನ್ನ ಈ ಹೊಸ್ತಿಲಾ ತುಳೀಬ್ಯಾಡ" ಎಂದವಳು ಅವಳು. ಅಂದಿನಿಂದ ನಿನ್ನ ಪತ್ರ ಬಂದರೆ ಕೈಯಿಂದ ಮುಟ್ಟಲಿಲ್ಲ. ನಾನು ಗಟ್ಟಿಯಾಗಿ ಓದುವಾಗ ಬೀಸುವ ಕಲ್ಲಿನ ಮುಂದೆ ಕೂಡುತ್ತಿದ್ದಳು, ಇಲ್ಲವೆ ಒಲೆ ಊದುತ್ತಿದ್ದಳು. ಕಿವಿಗೆ ಬೀಳುತ್ತಿಲ್ಲವೆಂದೇ ನಾನು ತಿಳಿದಿದ್ದೆ. ನಾಲ್ಕೂ ಗಾಲಿ ಎಳೆಯುವ ನಿಮ್ಮ ಲಾರಿಯ ಬಗ್ಗೆ ನೀನು ಉದ್ದಕ್ಕೆ ಬರೆದಿದ್ದೆಯಲ್ಲ, ಗಟ್ಟಿ ರಸ್ತೆಯಲ್ಲಿ ಹಿಂದಿನವು ಮಾತ್ರ, ಕೆಸರು ಬಂದಾಗ ಸಣ್ಣದೊಂದು ಲಿವರ್ ಎಳೆದು ಮುಂದಿನವನ್ನೂ ಜೋಡಿಸುತ್ತೇವೆ ಎಂದು, ಆ ಪತ್ರವನ್ನು ನಾನು ಮೋಟಾರಿನ ಹುಚ್ಚಿಗೆ ಮತ್ತೆ ಮತ್ತೆ ಓದಿದ್ದೆ. ಆ ಮಳೆಯಲ್ಲಿ, ಆ ನೋವಿನಲ್ಲಿ, ಕಣ್ಣು ತೆರೆಯದೆಯೇ ಅವಳು ಹೇಳಿದಳು: "ಮುರುಗ ಬರದಿದ್ದನಲ್ರೀ, ಏರಿನ್ಯಾಗ ಭಾರ ಎಲ್ಲಾ ಕೆಳಗಿನ ಗಾಲಿ ಮ್ಯಾಲ ಕುಂದರತೈತಿ ಅಂತ. ನಿಮ್ಮ ಗಾಡಿದು ಎಳಿಯೂ ಗಾಲಿ ಮ್ಯಾಲಿನ ಕಡಿ ಅದಾವಲ್ಲ."

ನೀನು ಬರೆದದ್ದು ಅದೇ: ಏರಿನಲ್ಲಿ ಮುಂದಿನ ಗಾಲಿಗಳು ಹಗುರಾಗುತ್ತವೆ, ಹಿಂದಿನವುಗಳ ಮೇಲೆ ತೂಕ ಬೀಳುತ್ತದೆ, ಅದಕ್ಕೇ ಬರಿ ಮುಂದಿನ ಗಾಲಿ ಎಳೆದರೆ ಸಾಲದು, ನಾಲ್ಕೂ ಬೇಕು. ನಮ್ಮಲ್ಲಿ ನಾಲ್ಕು ಇರಲಿಲ್ಲ. ಆದರೆ ಎಳೆಯುವ ಗಾಲಿಗಳನ್ನೇ ಇಳಿಜಾರಿನ ಕಡೆಗೆ ತಂದರೆ ಭಾರವೆಲ್ಲ ಅವುಗಳ ಮೇಲೆಯೇ ಕೂಡುತ್ತದೆ. ಗಾಡಿಯನ್ನು ಕೆಳಗಿನ ಅಗಲ ತಿರುವಿನವರೆಗೆ ಬಿಟ್ಟುಕೊಂಡು ಹೋಗಿ, ಅಲ್ಲಿ ಮೂತಿಯನ್ನು ಕಣಿವೆಯ ಕಡೆಗೆ ತಿರುಗಿಸಿದೆ. ರಿವರ್ಸ್ ಗೇರು ಹಾಕಿ ಘಾಟನ್ನು ಹಿಮ್ಮುಖವಾಗಿ ಹತ್ತಿಸತೊಡಗಿದೆ.

ಬಾಗಿಲು ಅರ್ಧ ತೆರೆದು, ಕತ್ತು ಹೊರಗೆ ಹಾಕಿ ಹಿಂದೆ ನೋಡುತ್ತ ಓಡಿಸಿದೆ. ಶಿವಪ್ಪ ಮೇಲ್ಗಡೆ ಮಳೆಯಲ್ಲಿ ನಡೆಯುತ್ತ ಟವಲು ಬೀಸಿ ದಾರಿ ತೋರಿಸಿದ. "ಬರ್ರಿ, ಬರ್ರಿ, ಎಡಕ್ಕ ಕಲ್ಲೈತಿ, ಹಾಂ, ಬರ್ರಿ." ಹಾಗೆ ನಡೆಸುವಾಗ ಗಾಡಿಯ ಬಾಲ ಎತ್ತ ಹೋಗುವುದೋ ತಿಳಿಯುವುದಿಲ್ಲ, ಸ್ಟಿಯರಿಂಗ್ ಒಂದಿಷ್ಟು ತಿರುಗಿದರೂ ಮೈಯೆಲ್ಲ ಅಡ್ಡ ಬರುತ್ತದೆ. ಕ್ಲಚ್ಚು ಸುಟ್ಟ ವಾಸನೆ ಬಂತು. ಆದರೆ ಗಾಲಿಗಳು ನೆಲ ಹಿಡಿದವು, ಮುರುಗಾ. ಲೋಳೆಯೊಳಗಿಂದ ನೆಲವನ್ನು ಹುಡುಕಿ ಹಿಡಿದವು. ನಿನ್ನ ತಾಯಿ ಒಮ್ಮೆ ಕಣ್ಣು ತೆರೆದು ಗಾಜಿನಾಚೆ ನೋಡಿ "ಇದೇನ್ರೀ, ಬಂದ ದಾರೀನ ಕಾಣತೈತಿ" ಎಂದಳು. ಡಾಕ್ಟರಬಾಯಿಯವರು ಅವಳ ನಾಡಿಯ ಮೇಲಿನ ಬೆರಳನ್ನು ತೆಗೆಯಲಿಲ್ಲ. ಖಂಡಾಳಾದ ಸಪಾಟು ನೆಲ ಸಿಕ್ಕಿದಾಗ ಗಾಡಿ ನಿಲ್ಲಿಸಿದೆ. ನನ್ನ ಕೈಗಳು ಸ್ಟಿಯರಿಂಗ್ ಬಿಡಲೊಲ್ಲದಾದವು. ಶಿವಪ್ಪ ಬಂದು ಒಂದೊಂದೇ ಬೆರಳು ಬಿಡಿಸಿದ.

ಸಂಜೆ ಆಸ್ಪತ್ರೆ ಮುಟ್ಟಿದೆವು. ಅಲ್ಲಿಯ ಸರ್ಜನ್ನರು ಆಗಲೇ ಕೊಯ್ದು ಹೊಟ್ಟೆಯೊಳಗಿನ ಗಂಟು ತೆಗೆದರು. ಪಂಕಜಾಕ್ಷಿಬಾಯಿಯವರು ಮುಗಿಯುವವರೆಗೂ ಒಳಗೇ ನಿಂತಿದ್ದರು. ಈಗ ಅನ್ನದ ಗಂಜಿ, ಮಜ್ಜಿಗೆ ಸೇರುತ್ತದೆ. ಮೊನ್ನೆ ಜೋಳದ ರೊಟ್ಟಿ ಬೇಕೆಂದು ಜಗಳ ತೆಗೆದಳು. ನಿನಗೆ ತಿಳಿಸಬೇಕೆಂದು ಅವಳು ಹೇಳುವ ಮಾತು ಇದು, ಅವಳು ಅಂದಂತೆಯೇ ಬರೆಯುತ್ತೇನೆ: "ಹೊಸ್ತಿಲದ ಮಾತು ಹೊಸ್ತಿಲದಾಗ ಹೋತು. ಅವಗ ಏನೂ ಮನಸಿನ್ಯಾಗ ಇಟ್ಕೋಬ್ಯಾಡ ಅನ್ರಿ."

ನನ್ನದೊಂದು ಬುದ್ಧಿಮಾತು. ನಾಲ್ಕು ಗಾಲಿ ಎಳೆಯುವ ಗಾಡಿ ಹತ್ತುವಾಗ ಕೊಡುವ ಧೈರ್ಯವನ್ನು ಇಳಿಯುವಾಗ ನಂಬಬೇಡ. ನಿಲ್ಲಿಸುವಾಗ ಎಲ್ಲ ಗಾಡಿಗೂ ಇರುವುದು ಅವೇ ನಾಲ್ಕು ಗಾಲಿ, ಅದೇ ಕೆಸರು. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲೇ ಇರು. ಭೀಮವ್ವ, ಶಿವಪ್ಪ ನಿನ್ನನ್ನು ಕೇಳಿದ್ದಾರೆ. ಡಾಕ್ಟರಬಾಯಿಯವರೂ ಆಶೀರ್ವಾದ ಹೇಳಿದ್ದಾರೆ. ಬಸವಣ್ಣ ನಿನ್ನ ದಾರಿಯ ಮೇಲೆ ಕಣ್ಣಿಟ್ಟಿರಲಿ.

ಇಂತಿ ನಿನ್ನ ತಂದೆ,
ಈರಬಸಪ್ಪ

ತಾಜಾ ಕಲಂ: ಮೇಲಿನದನ್ನೆಲ್ಲ ನಿನ್ನ ತಾಯಿಗೆ ಓದಿ ತೋರಿಸಿದ್ದೇನೆ. ಇದನ್ನು ಅಂಚೆ ಕಚೇರಿಯಲ್ಲಿ ನಿಂತು ಬರೆಯುತ್ತಿದ್ದೇನೆ, ಟಪಾಲು ಕಟ್ಟುವ ಹೊತ್ತಾಗಿದೆ. ಗಂಟು ತೆಗೆದರೆಂದು ಬರೆದದ್ದು ಅವಳಿಗಾಗಿ. ತೆಗೆಯಲಿಕ್ಕೆ ಬರಲಿಲ್ಲ, ಒಳಗೆಲ್ಲ ಹಬ್ಬಿದೆ. ಅನ್ನ ಇಳಿಯಲು ಬೇರೆ ದಾರಿ ಮಾಡಿ ಹೊಲಿದಿದ್ದಾರೆ. ಸಂಕ್ರಾಂತಿ ಕಾಣುವುದಿಲ್ಲವೆಂದು ಡಾಕ್ಟರಬಾಯಿಯವರು ಹೇಳಿದರು. ಭೀಮವ್ವನಿಗೂ ಗೊತ್ತಿಲ್ಲ. ನಿನ್ನ ತಾಯಿಗೆ ಗೊತ್ತಿದೆಯೋ ಇಲ್ಲವೋ ನನಗೆ ತಿಳಿಯುತ್ತಿಲ್ಲ, ನಿನಗೆಂದು ಕೌದಿ ಹೊಲಿಯಲು ಕುಳಿತಿದ್ದಾಳೆ, ಮಧ್ಯಾಹ್ನವೂ ಮಲಗುವುದಿಲ್ಲ. ಡಾಕ್ಟರಬಾಯಿಯವರು ನಿನ್ನ ಸಾಹೇಬರಿಗೆ ಇಂಗ್ಲಿಷಿನಲ್ಲಿ ಬರೆದುಕೊಟ್ಟ ಚೀಟಿ ಇದರೊಳಗಿದೆ, ತೋರಿಸಿ ರಜೆ ಕೇಳು. ಉತ್ತರದಲ್ಲಿ ಇದರ ಸುದ್ದಿ ಎತ್ತಬೇಡ, ಈಗ ಅವಳು ನಿನ್ನ ಪತ್ರವನ್ನು ಎದುರಿಗೆ ಕುಳಿತೇ ಕೇಳುತ್ತಾಳೆ. ಹೊರಟಿದ್ದೇನೆ ಎಂದಷ್ಟೇ ಬರಿ.