ಭಾವನ ಮುಂದಿನ ಸೆರಗು

೧೨ ಜುಲೈ, ಶನಿವಾರ

ಸಿಟ್ಟು ಇನ್ನೂ ಇಳಿದಿಲ್ಲ. ತೀರಿಹೋದ ತಮ್ಮನ ಹೆಂಡತಿ ಶಿವಕಾಂತಮ್ಮನಿಗೆ ದಮ್ಮು ಹತ್ತುತ್ತದೆಂದು ಕಮಲಾಪುರದಿಂದ ಕಲಬುರಗಿಗೆ ಕರೆದೊಯ್ದವನು ನಾನು. ಅಲ್ಲಿನ ಆಸ್ಪತ್ರೆಯ ಡಾಕ್ಟರಮ್ಮ ನನಗೇ, "ಕಾಕಾ, ಹೊರಗ ಕುಂದರ್ರಿ" ಅಂದಳು.

"ಮನಿ ಹಿರಿಯಾ ಇದ್ದೀನಿ. ಯಾಕ ಹೋಗ್ಲಿ?"

"ನೀವಿದ್ರ ಆಕಿ ಸೆರಗು ತೆಗಿಯಂಗಿಲ್ರೀ."

ಬೆಂಚಿನ ಮೇಲೆ ಕುದಿಯುತ್ತ ಕೂತೆ. ಆಮೇಲೆ ಒಳಗೆ ಕರೆದು ಹೇಳಿದಳು: ಕುತ್ತಿಗೆಯ ನರ ಉಬ್ಬಿದೆ, ಕಾಲು ಒತ್ತಿದರೆ ಕುಳಿ ಬೀಳುತ್ತದೆ, ಹೃದಯ ಸೋತಿದೆ. ಕೂಡಲೇ ಭರ್ತಿ ಮಾಡಿಕೊಂಡರು.

ಇದಕ್ಕೆ ಮೊದಲು ಎರಡು ಸಲ ತೋರಿಸಿದಾಗಲೂ ನಮ್ಮೂರ ಡಾಕ್ಟರ್ ಸೀರೆಯ ಮೇಲೆಯೇ ನೋಡಿ ಗ್ಯಾಸ್ ಅಂದಿದ್ದ. ಎರಡು ಸಲವೂ ನಾನು ಪಕ್ಕದಲ್ಲೇ ಕೂತಿದ್ದೆ. ನನ್ನನ್ನು ಎಬ್ಬಿಸಿ ಕಳಿಸುವ ಧೈರ್ಯ ಆ ಹೇಡಿಗೆ ಇರಲಿಲ್ಲವೇ? ಈ ಹುಚ್ಚಿಯಾದರೂ, ಉಸಿರು ಸಿಗದಿದ್ದರೂ ಭಾವನ ಮುಂದೆ ಸೆರಗು ಬಿಡಲಿಲ್ಲವಲ್ಲ!

ನಾಳೆ ನೋಡಲು ಹೋಗಬೇಕು ಅನ್ನಿಸುತ್ತದೆ. ಹೋದರೆ ಮತ್ತೆ ಸೆರಗು ಎಳೆದುಕೊಳ್ಳುತ್ತಾಳೆ.